ಮೊದಲೇ ಬಂದ ಹಸಿರು

ಉತ್ತರ ಧ್ರುವದ ಸಮುದ್ರವನ್ನು ನಾನು ನೋಡಿದ್ದು ಮಣಿಪಾಲದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ, ಕೆಮ್ಮಿನ ಸಿರಪ್ಪಿನ ಬಾಟಲಿಯಷ್ಟೇ ದೊಡ್ಡ ಬಾಟಲಿಗಳಲ್ಲಿ. ಒಳಗಿನ ಜೀವಿಗಳು ಕೊಳೆಯದಿರಲೆಂದು ಅಲ್ಲಿಗೆ ಹೋಗುವ ಸಂಶೋಧನಾ ಹಡಗಿನವರು ಅಯೋಡಿನ್ ಹಾಕಿ ಕಳಿಸುತ್ತಿದ್ದರು. ಹಾಗಾಗಿ ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿರುತ್ತಿತ್ತು. ಆ ನೀರಿನ ಹನಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಬರಿಗಣ್ಣಿಗೆ ಕಾಣದ ಪಾಚಿಗಳನ್ನು ಜಾತಿವಾರು ಎಣಿಸುವುದು ನನ್ನ ಕೆಲಸ. ಪುಸ್ತಕದಲ್ಲಿ ಅವಕ್ಕೆ ಪ್ಲವಕ ಎಂಬ ಹೆಸರುಂಟು. ನಾವೆಲ್ಲ ಪ್ಲಾಂಕ್ಟನ್ ಎಂದೇ ಹೇಳುತ್ತಿದ್ದದ್ದು. ತೊಂಬತ್ತರ ದಶಕ ಮುಗಿಯುವಾಗ ಸೇರಿದ ಈ ಕೆಲಸದಿಂದ ನನ್ನ ಕುತ್ತಿಗೆ ಹಾಳಾಯಿತು, ಕಣ್ಣಿಗೆ ದಪ್ಪ ಕನ್ನಡಕ ಬಂತು, ಮೊದಲೇ ಕಡಿಮೆ ಇದ್ದ ತಾಳ್ಮೆ ಪೂರ್ತಿ ಕೆಟ್ಟಿತು.

ತಾಳ್ಮೆ ಕೆಟ್ಟದ್ದಕ್ಕೆ ಪಾಚಿ ಕಾರಣವಲ್ಲ, ಜನ. ಪರ್ಕಳದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಮಾಲಕಿಯಿಂದ ಹಿಡಿದು ಉಡುಪಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರವರೆಗೆ ಎಲ್ಲರಿಗೂ ಒಂದೇ ಪ್ರಶ್ನೆ. "ಅಲ್ಲಿ ಐಸ್ ಕರಗಿದ್ರೆ ನಮಗೆ ಎಂತ ಮಾರಾಯ್ರೆ? ಪಾಪ, ಚಳಿಯಲ್ಲಿದ್ದವರಿಗೆ ಸ್ವಲ್ಪ ಬೆಚ್ಚಗಾಗ್ಲಿ ಅಲ್ವಾ?" ಮೊದಮೊದಲು ಕೂತು ವಿವರಿಸುತ್ತಿದ್ದೆ. ಆಮೇಲೆ "ಹೌದೌದು, ಒಳ್ಳೇದೇ" ಎಂದು ಕಿಟಕಿಯ ಕಡೆ ತಿರುಗುತ್ತಿದ್ದೆ.

ಮನೆಯವರೂ ಬಿಡುತ್ತಿರಲಿಲ್ಲ. ನಮ್ಮ ಮನೆ ಕಾಪುವಿನಲ್ಲಿ, ಕಡಲಿಗೆ ಮುಖ ಮಾಡಿದ ಮನೆ. ಅಪ್ಪ ಮೀನು ಹಿಡಿಯುವ ನಾಡದೋಣಿಯ ತಂಡೇಲನಾಗಿದ್ದರು. ಅಂದರೆ ದೋಣಿ ನಡೆಸುವವನು, ನೀರು ನೋಡಿ ಬಲೆ ಎಲ್ಲಿ ಬಿಡಬೇಕೆಂದು ಹೇಳುವವನು. ಅಪ್ಪ ಹೋದ ಮೇಲೆ ಆ ಜಾಗಕ್ಕೆ ಅಣ್ಣ ಬಂದ. ದೋಣಿ, ಬಲೆ ಎರಡೂ ತಂಡದ ಎಲ್ಲರಿಗೂ ಸೇರಿದ್ದು. ಬಂದ ಮೀನಿನಲ್ಲಿ ಎಲ್ಲರಿಗೂ ಪಾಲು. ರಜೆಯಲ್ಲಿ ನಾನು ಮನೆಗೆ ಹೋದರೆ ಅಣ್ಣ ಅಂಗಳದಲ್ಲೇ ಶುರು ಮಾಡುತ್ತಿದ್ದ. ಮನೆಯ ಮಾತು ತುಳುವಿನದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಂದ್ಲು ನೋಡು ಐಸ್ ಪ್ಲಾಂಟಿನ ಮೇಡಂ. ಅಲ್ಲಿ ಸುಮ್ಮನೆ ಕರಗಿ ಹೋಗುವ ಐಸನ್ನು ನಾಲ್ಕು ಲಾರಿ ಇಲ್ಲಿಗೆ ಕಳಿಸ್ಲಿಕ್ಕೆ ಹೇಳು ಮಾರಾಯ್ತಿ. ನಮ್ಮ ಬಂಗುಡೆಯಾದ್ರೂ ಕೊಳೆಯದೆ ಉಳಿಯುತ್ತದೆ."

"ನಿನ್ನ ಬಂಗುಡೆಗೆ ಬೆಂಕಿ ಬಿತ್ತು," ಎಂದು ನಾನು ಚೀಲ ಒಳಗಿಡುತ್ತಿದ್ದೆ. ಅತ್ತಿಗೆ ನಗುತ್ತಿದ್ದಳು. ಅಣ್ಣನ ಹೆಂಡತಿ ಅವಳು. ನಮ್ಮ ದೋಣಿಯ ಮೀನನ್ನು ಬುಟ್ಟಿಯಲ್ಲಿಟ್ಟು ಕಾರ್ಕಳದ ಬಸ್ಸು ಹತ್ತಿ ಮಾರಿಕೊಂಡು ಬರುತ್ತಿದ್ದವಳು.

ಆದರೆ ಅಣ್ಣ ತಮಾಷೆ ಮಾಡಿದರೂ ಕಿವಿಗೊಟ್ಟು ಕೇಳುವವನು. ಅವನಿಗೆ ನಾನು ಹೇಳಿದ್ದು ಇಷ್ಟು. ಅಲ್ಲಿ ಮಂಜುಗಡ್ಡೆ ಸಮುದ್ರದ ಮೇಲೆ ಸುಮ್ಮನೆ ತೇಲುವುದಲ್ಲ. ನಮ್ಮ ಬಾವಿಯ ಕಲ್ಲಿಗೆ ಪಾಚಿ ಹಿಡಿಯುವ ಹಾಗೆ ಅದರ ತಳದಲ್ಲಿ ಪಾಚಿ ಬೆಳೆಯುತ್ತದೆ. ಚಳಿಗಾಲವಿಡೀ ಅಲ್ಲಿ ಸೂರ್ಯನೇ ಇಲ್ಲ. ಸೂರ್ಯ ಮರಳಿ ಬಂದು, ಗಡ್ಡೆಯ ಮೂಲಕ ಮಬ್ಬು ಬೆಳಕು ಇಳಿದದ್ದೇ ತಡ, ಆ ಪಾಚಿ ಚಿಗುರುತ್ತದೆ. ಅಕ್ಕಿನುಚ್ಚಿನಷ್ಟು ದೊಡ್ಡ, ಸಿಗಡಿ ಜಾತಿಯ ಒಂದು ಜೀವಿ ಚಳಿಗಾಲದಲ್ಲಿ ಆಳಕ್ಕೆ ಹೋಗಿ ಮಲಗಿದ್ದು, ಸರಿಯಾಗಿ ಅದೇ ಹೊತ್ತಿಗೆ ಮೇಲೆ ಬರುತ್ತದೆ. ತಾಯಂದಿರು ಗಡ್ಡೆಯ ತಳದ ಪಾಚಿ ತಿಂದು ಮೊಟ್ಟೆ ಇಡುತ್ತವೆ. ಮರಿಗಳು ಬಾಯಿ ಬಿಡುವ ಹೊತ್ತಿಗೆ ಗಡ್ಡೆ ಒಡೆದು, ಬೆಳಕು ನೀರಿಗೇ ಬಿದ್ದು, ಸಮುದ್ರವೆಲ್ಲ ಹಸಿರಾಗಿರುತ್ತದೆ. ಮೊದಲು ಬಾಣಂತಿಗೆ ಊಟ, ಆಮೇಲೆ ಮಗುವಿಗೆ. ಆ ನುಚ್ಚುಜೀವಿಯನ್ನು ಮೀನು ತಿನ್ನುತ್ತದೆ, ಮೀನನ್ನು ಹಕ್ಕಿ, ಸೀಲ್, ತಿಮಿಂಗಿಲ. ಎಲ್ಲರ ಬದುಕೂ ಆ ಹೊತ್ತಿಗೆ ಗಂಟು ಬಿದ್ದಿದೆ.

ಅಣ್ಣ ತಲೆಯಾಡಿಸಿದ. "ಹಾಗಾದ್ರೆ ನಮ್ಮ ಬೂತಾಯಿಯ ಹಾಗೇ," ಎಂದ. ಬೂತಾಯಿ ನಮ್ಮ ಕಡೆಯ ಬಡವರ ಮೀನು, ಪ್ಲಾಂಕ್ಟನ್ನನ್ನು ನೇರವಾಗಿ ತಿನ್ನುವಂಥದ್ದು. ಮಳೆಗಾಲದಲ್ಲಿ ಆಳದ ತಣ್ಣಗಿನ ನೀರು ದಡದ ಹತ್ತಿರ ಮೇಲೆ ಬಂದು ಕಡಲು ಹಸಿರಾಯಿತೆಂದರೆ ಬೂತಾಯಿಯ ಹಿಂಡು ಬಂತೆಂದೇ ಲೆಕ್ಕ. ನೀರು ಹಸಿರಾದದ್ದನ್ನು ನೋಡಿ ಖುಷಿಪಡುವುದು ನಮ್ಮ ಮನೆತನಕ್ಕೆ ರಕ್ತದಲ್ಲೇ ಬಂದದ್ದು.

ನಮ್ಮ ಪ್ರೊಫೆಸರರೂ ಹಾಗೇ ಖುಷಿಪಟ್ಟಿದ್ದರು. ಕಾರ್ಕಳದ ಕಡೆಯವರು, ಜೋರು ದನಿಯ, ಒಳ್ಳೆಯ ಮನಸ್ಸಿನ ಮನುಷ್ಯ. ನಾವು ಕರೆಯುತ್ತಿದ್ದದ್ದು ಸರ್ ಎಂದು. ಉಪಗ್ರಹದ ನಕ್ಷೆಗಳಲ್ಲಿ ವರ್ಷದಿಂದ ವರ್ಷಕ್ಕೆ ಬಿಳಿ ಹಿಂದೆ ಸರಿಯುವುದು, ಅದು ಬಿಟ್ಟುಕೊಟ್ಟ ಜಾಗದಲ್ಲಿ ಹಸಿರು ಹರಡುವುದು ಕಾಣುತ್ತಿತ್ತು. ಗಡ್ಡೆ ಕಡಿಮೆಯಾದರೆ ಬೆಳಕು ಹೆಚ್ಚು, ಬೆಳಕು ಹೆಚ್ಚಾದರೆ ಪಾಚಿ ಹೆಚ್ಚು. "ಉತ್ಪಾದನೆ ಏರ್ತಾ ಉಂಟು ನೋಡಿ!" ಎಂದು ಅವರು ಮೇಜು ಕುಟ್ಟಿದ್ದರು. ಆದರೆ ಬಾಟಲಿಗಳು ಬರುತ್ತಾ ಹೋದ ಹಾಗೆ ಸರ್ ಸುಮ್ಮನಾದರು. ಕೆಲವು ಕಡೆಯ ನೀರಿನಲ್ಲಿ ಸರಪಳಿಯಂತೆ ಕೂಡಿಕೊಂಡ ದೊಡ್ಡ ಪಾಚಿಗಳೇ ಇಲ್ಲ. ಬರೀ ಧೂಳಿನಂಥ ಸಣ್ಣವು. ಕರಗಿದ ಸಿಹಿನೀರು ಉಪ್ಪುನೀರಿನ ಮೇಲೆ ಮುಚ್ಚಳದಂತೆ ಕೂತು, ಪಾಚಿಗೆ ಬೇಕಾದ ತಳದ ಸಾರ ಮೇಲೆ ಬರುವುದನ್ನು ತಡೆಯುತ್ತದೆ ಎಂದರು ಸರ್. ಇನ್ನು ಕೆಲವು ಕಡೆ ಹಸಿರು ಬೇಕಾದಷ್ಟಿತ್ತು, ಆದರೆ ಅದು ಬಂದದ್ದು ಬಹಳ ಬೇಗ. ಗಡ್ಡೆ ಬೇಗ ಒಡೆದರೆ ಹಸಿರೂ ಬೇಗ ಏಳುತ್ತದೆ. ಆಳದಲ್ಲಿ ಮಲಗಿದ ನುಚ್ಚಿಗೆ ಅದು ತಿಳಿಯುವುದು ಹೇಗೆ? ಅದು ತನ್ನ ಹಳೆಯ ಲೆಕ್ಕದಲ್ಲೇ ಎದ್ದು ಮೊಟ್ಟೆಯಿಡುತ್ತದೆ. ಮರಿಗಳು ಬಾಯಿ ತೆರೆಯುವಾಗ ಊಟ ಮುಗಿದು ಎಂಜಲು ತಳಕ್ಕೆ ಬಿದ್ದಿರುತ್ತದೆ. "ಅಡುಗೆ ಜಾಸ್ತಿಯೇ ಆಗಿದೆ ಮಾರಾಯ್ತಿ," ಎಂದರು ಸರ್ ಒಂದು ದಿನ, "ಉಣ್ಣುವವರು ಬರುವ ಮೊದಲೇ ಹಳಸಿದೆ." ಅವರು ಮತ್ತೆ ಮೇಜು ಕುಟ್ಟಿದ್ದನ್ನು ನಾನು ನೋಡಲಿಲ್ಲ.

ಇದೆಲ್ಲ ನನಗೆ ಸಂಬಳದ ಕೆಲಸವಾಗಿಯೇ ಉಳಿಯುತ್ತಿತ್ತೇನೋ, ಆ ಒಂದು ಆಟಿ ತಿಂಗಳು, ನಮ್ಮ ತುಳುವರ ಆಷಾಢ, ಬಾರದೆ ಇದ್ದಿದ್ದರೆ.

ಆ ಹೊತ್ತಿಗೆ ನಮ್ಮ ತಂಡ ಸೊರಗಿತ್ತು. ಹಿಂದಿನ ಮಳೆಗಾಲಗಳಲ್ಲಿ ಮೀನು ಸರಿ ಬಿದ್ದಿರಲಿಲ್ಲ. ಪ್ರಾಯದ ಹುಡುಗರು ಒಬ್ಬೊಬ್ಬರಾಗಿ ದೊಡ್ಡ ಬೋಟುಗಳಿಗೆ, ಕಟ್ಟಡದ ಕೆಲಸಕ್ಕೆ, ಕೊಲ್ಲಿ ದೇಶಗಳಿಗೆ ಹೋದರು. ಉಳಿದವರು ಅಣ್ಣನ ಮುಖ ನೋಡಿಕೊಂಡು ಉಳಿದಿದ್ದರು. ಈ ಮಳೆಗಾಲವೂ ಕೈಕೊಟ್ಟರೆ ಬಲೆ ಮಾರಿ ತಂಡ ಬಿಡಿಸುವುದೆಂದು ಅವರವರಲ್ಲೇ ಮಾತಾಗಿತ್ತು. ತಂಡ ಹೋದರೆ ಅಣ್ಣ ತಂಡೇಲನಲ್ಲ, ಯಾರೂ ಅಲ್ಲ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬರಬೇಕೆಂಬ ಯೋಚನೆಯೂ ಅವನಿಗೆ ಬಂದಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಕಾಲೇಜಿನ ವಾಚ್‌ಮನ್ ಬಂದು, "ಯಾರೋ ನಿಮ್ಮ ಊರಿನವರಂತೆ, ಗೇಟಿನಲ್ಲಿ ನಿಂತಿದ್ದಾರೆ," ಎಂದ. ಹೋಗಿ ನೋಡಿದರೆ ಅಣ್ಣ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಳೆಯಲ್ಲಿ ಅರ್ಧ ನೆನೆದು. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ಕುಡಿಯುವ ನೀರಿನ ಹಳೆಯ ಬಾಟಲಿ, ಬಾಟಲಿಯಲ್ಲಿ ಕಡಲ ನೀರು.

"ಇದನ್ನೊಂದು ನೋಡು," ಎಂದ. "ಇಷ್ಟು ಬೇಗ ಈ ಬಣ್ಣ ನಾನು ಕಂಡದ್ದಿಲ್ಲ."

ನೋಡಿದೆ. ಅಯ್ಯೋ ದೇವರೇ, ಎಂಥ ನೀರು ಅದು! ಧ್ರುವದ ಬಾಟಲಿಗಳಲ್ಲಿ ಹುಡುಕಿ ಹುಡುಕಿ ಸುಸ್ತಾದ ಕಣ್ಣಿಗೆ ಹಬ್ಬ. ಪಟ್ಟಿ ಪಟ್ಟಿಯಾಗಿ ಅಂಟಿಕೊಂಡ ಪಾಚಿಯ ಸರಗಳು, ಒಂದರ ಮೇಲೊಂದು. ಬೂತಾಯಿಗೆ ಪ್ರೀತಿಯ ಊಟ. ಆದರೆ ಇನ್ನಷ್ಟು ಹೊತ್ತು ನೋಡಿದಾಗ ಬೇರೆಯದೂ ಕಂಡಿತು. ಎಷ್ಟೋ ಸರಗಳ ಒಳಗಿನ ಬಣ್ಣ ಹೋಗಿ ಬರೀ ಸಿಪ್ಪೆ ಉಳಿದಿತ್ತು. ಹಸಿರು ತುದಿ ಮುಟ್ಟಿ ಇಳಿಯಲು ಶುರುವಾಗಿತ್ತು.

ಅಣ್ಣನನ್ನೂ ಕೂರಿಸಿ ತೋರಿಸಿದೆ. ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ಮೀನು ಬಂದಿದೆಯಾ?" ಕೇಳಿದೆ.

"ಬಂದಿದೆ. ಮೀನಿಗೆ ಹಕ್ಕಿ ನೀರಿಗೆ ಬೀಳ್ತಾ ಉಂಟು. ದಡದಿಂದಲೇ ಕಾಣ್ತದೆ."

"ಹಾಗಾದ್ರೆ ಇಲ್ಲಿ ಎಂತ ಮಾಡ್ತಾ ಇದ್ದೀ? ಹೋಗು, ಬಲೆ ಬಿಡು. ಇದು ಹೆಚ್ಚು ದಿನ ನಿಲ್ಲುವುದಿಲ್ಲ."

ಅಣ್ಣ ನನ್ನ ಮುಖ ನೋಡಿದ. "ಕಾಯಿ ಬಿಡ್ಲಿಲ್ಲ ಅಲ್ವಾ," ಎಂದ.

ಇಲ್ಲಿ ನಮ್ಮವರ ಕ್ರಮ ಹೇಳಬೇಕು. ಮಳೆಗಾಲ ಶುರುವಾಗಿ ಕಡಲು ಕೆರಳಿದ ಮೇಲೆ ನಮ್ಮ ತಂಡದ ಬಲೆ ನೀರು ಮುಟ್ಟುವುದಿಲ್ಲ. ಶ್ರಾವಣದ ನೂಲ ಹುಣ್ಣಿಮೆಗೆ ಎಲ್ಲರೂ ಸೇರಿ ಮೆರವಣಿಗೆಯಲ್ಲಿ ದಡಕ್ಕೆ ಹೋಗಿ, ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಪ್ರಾರ್ಥಿಸಿದ ಮೇಲೆಯೇ ಬಲೆ ಇಳಿಯುವುದು. ಬೇರೆ ಊರುಗಳಲ್ಲಿ ಬೇರೆ ಕ್ರಮವಿರಬಹುದು; ನಮ್ಮದು ಹೀಗೆ. ಹುಣ್ಣಿಮೆಗೆ ಇನ್ನೂ ಸಾಕಷ್ಟು ದಿನ ಇತ್ತು.

ನಾನು ರಜೆ ಹಾಕಿ ಅಣ್ಣನ ಜೊತೆಯೇ ಬಸ್ಸು ಹತ್ತಿದೆ. ಕಾಪುವಿನಲ್ಲಿ ಗುರಿಕಾರರ ಮನೆಯ ಜಗಲಿಯಲ್ಲಿ ತಂಡದವರೆಲ್ಲ ಕೂತರು. ಗುರಿಕಾರರು ಎಂದರೆ ನಮ್ಮ ಕೂಡುಕಟ್ಟಿನ, ಊರ ಮೀನುಗಾರರ ಒಕ್ಕೂಟದ, ಹಿರಿಯರು. ಅವರ ಮಾತು ಮೀರುವವರಿಲ್ಲ. ಅಣ್ಣ ನಿಂತು, ನೀರಿನ ಬಣ್ಣ, ಹಕ್ಕಿ, ಮೀನು ಎಲ್ಲ ಹೇಳಿ, "ಹುಣ್ಣಿಮೆಯವರೆಗೆ ಇದು ಉಳಿಯುವುದು ಕಷ್ಟ. ಪೂಜೆಯನ್ನು ಈ ವರ್ಷ ಮಾತ್ರ ಸ್ವಲ್ಪ ಮುಂಚೆ ಮಾಡಬಹುದಾ?" ಎಂದು ಕೇಳಿದ.

ಗುರಿಕಾರರು ಸಿಟ್ಟಾಗಲಿಲ್ಲ. "ಮಗಾ," ಎಂದರು, "ಈಗ ಬಂದದ್ದು ಮೊಟ್ಟೆ ತುಂಬಿದ ಮೀನು. ಅದು ಮೊಟ್ಟೆ ಹಾಕಿ ಮುಗಿಸ್ಲಿ ಅಂತಲೇ ಹಿರಿಯರು ಹುಣ್ಣಿಮೆ ಇಟ್ಟದ್ದು. ಈ ಗಾಳಿಯಲ್ಲಿ ದೋಣಿ ಇಳಿಸಿ ಸತ್ತವರಿದ್ದಾರೆ, ನಿನಗೂ ಗೊತ್ತುಂಟು. ಇವತ್ತು ನಾವು ದಿನ ಬದಲಿಸಿದ್ರೆ ನಾಳೆ ಪ್ರತಿಯೊಬ್ಬನೂ ಅವನವನ ದಿನ ಮಾಡ್ತಾನೆ. ಆಗ ಕಡಲಿನಲ್ಲಿ ಎಂತ ಉಳಿಯುತ್ತದೆ?"

ಅವರ ಮಾತು ಸರಿಯೇ ಇತ್ತು. ಆ ಹುಣ್ಣಿಮೆಯನ್ನು ಯಾರೋ ಮೂಢರು ಕಣ್ಣುಮುಚ್ಚಿ ಇಟ್ಟದ್ದಲ್ಲ; ತಲೆತಲಾಂತರ ಕಡಲನ್ನು ನೋಡಿ ನೋಡಿ, ಮೀನಿನ ಹೆರಿಗೆಗೂ ಗಾಳಿಯ ಇಳಿತಕ್ಕೂ ಹೊಂದಿಸಿ ಇಟ್ಟದ್ದು. ಆಳದಲ್ಲಿ ಮಲಗಿದ ಆ ನುಚ್ಚಿನ ಲೆಕ್ಕವೂ ಹೀಗೇ ಹುಟ್ಟಿದ್ದಲ್ಲವೇ? ಎರಡೂ ಲೆಕ್ಕ ತಪ್ಪಾದದ್ದಲ್ಲ. ಹೊರಗಿನ ಋತು ಜಾರಿತ್ತು ಅಷ್ಟೇ. ಆದರೂ "ಗುರಿಕಾರರೇ, ಈ ಸಲ ಒಂದು ಸಲ..." ಎಂದೆ. ಅಣ್ಣ ನನ್ನ ಕೈ ಹಿಡಿದು ಕೂರಿಸಿದ. ತಂಡದವರೆಲ್ಲ ಕಾಯುವುದಕ್ಕೇ ಒಪ್ಪಿದರು. ಅಣ್ಣನೂ ಒಪ್ಪಿದ.

ದಾರಿಯಲ್ಲಿ ನಾನು ಅವನನ್ನು ಚೆನ್ನಾಗಿ ಬೈದೆ. ತಂಡೇಲ ನೀನಾ ಅವರಾ ಎಂದೆ. ಅವನು, "ಒಬ್ಬನೇ ಬಲೆ ಎಳೀಲಿಕ್ಕಾಗ್ತದಾ?" ಎಂದಷ್ಟೇ ಹೇಳಿದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗಾಳಿ ತುಸು ಇಳಿದದ್ದೇ ಬೇರೆ ಊರುಗಳ ದೋಣಿಗಳು ಬಂದವು. ನಮ್ಮ ಮನೆಯ ಅಂಗಳದಲ್ಲಿ ನಿಂತರೆ ಅವರು ಬಲೆ ಸುತ್ತುವುದು, ಬಲೆಯೊಳಗೆ ಬೂತಾಯಿ ಬೆಳ್ಳಗೆ ಕುದಿಯುವುದು ಎಲ್ಲ ಕಾಣುತ್ತಿತ್ತು. ನಮ್ಮ ಗಂಡಸರು ತೆಂಗಿನ ಮರಗಳ ಕೆಳಗೆ ಕೂತು ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದರು. ಹೊಲಿಯಲು ಏನೂ ಉಳಿಯದಿದ್ದರೂ ಹೊಲಿದರು. ಅತ್ತಿಗೆ ಬುಟ್ಟಿ ಕವುಚಿಟ್ಟು, ಹೊರಗೆ ನೋಡದೆ ಒಳಗೇ ಇದ್ದಳು. ಯಾರೋ ಒಬ್ಬ ಸಿಟ್ಟಿನಲ್ಲಿ, "ನಾವೇ ಹೋಗುವ, ಎಂತ ಆಗ್ತದೆ ನೋಡುವ," ಎಂದು ಎದ್ದನಂತೆ. ಉಳಿದವರು ತಲೆ ಎತ್ತಲಿಲ್ಲ. ಅವನೂ ಮತ್ತೆ ಕೂತ.

ರಜೆ ಮುಗಿಸಿ ಮಣಿಪಾಲಕ್ಕೆ ಮರಳಿದ್ದ ನಾನು ಹುಣ್ಣಿಮೆಯ ದಿನ ಮತ್ತೆ ಊರಿಗೆ ಹೋದೆ. ಬಿಳಿ ಪಂಚೆ ಉಟ್ಟ ಗಂಡಸರು, ಡೋಲು, ಕೊಂಬು. ಎಲ್ಲರೂ ಮೊಣಕಾಲು ನೀರಿಗಿಳಿದು ಹಾಲೆರೆದರು. ಕಾಯಿ ತೇಲುತ್ತಾ ಹೋಯಿತು. ಕಡಲು ಮಗುವಿನ ಹಾಗೆ ಸುಮ್ಮನಿತ್ತು. ನಾನು ಬಗ್ಗಿ ನೀರು ಬೊಗಸೆಯಲ್ಲಿ ಹಿಡಿದು ನೋಡಿದೆ. ನೀಲಿ, ತಿಳಿ, ಕುಡಿಯಬಹುದೆನ್ನುವಷ್ಟು ಚೊಕ್ಕ. ನೋಡಲು ಬಂದವರೊಬ್ಬರು, "ಎಷ್ಟು ಚಂದ ಉಂಟು ಅಲ್ವಾ ನೀರು!" ಎಂದರು. ಅಷ್ಟು ಚಂದದ ನೀರಿನಲ್ಲಿ ತಿನ್ನಲು ಏನೂ ಇರುವುದಿಲ್ಲ.

ಮರುದಿನ ಬೆಳಕು ಹರಿಯುವಾಗ ದೋಣಿ ಇಳಿಯಿತು. ಮಧ್ಯಾಹ್ನ ದಾಟಿದ ಮೇಲೆ ಬಂತು. ಬಲೆಯ ತುಂಬ ಲೋಳೆ ಮೀನು, ನಾವು ಜೆಲ್ಲಿ ಎನ್ನುವ ಆ ತುರಿಕೆಯ ಮುದ್ದೆ. ಮೂಲೆಯಲ್ಲಿ ಮನೆಯ ಬೆಕ್ಕಿಗಾಗುವಷ್ಟು ಬೂತಾಯಿ. ಅದರ ಮರುದಿನವೂ ಹಾಗೇ. ಎಲ್ಲರ ಕೈಯೂ ತುರಿಸಿ ಕೆಂಪಾಗಿ ಊದಿಕೊಂಡಿತ್ತು. ಅಣ್ಣ ಇನ್ನೂ ಆಳಕ್ಕೆ, ಇನ್ನೂ ತೆಂಕಿಗೆ ಎಂದು ಕರೆದುಕೊಂಡು ಹೋದ. ತಂಡದವರು ಹೋದರು, ಅವನ ಮೇಲಿನ ಪ್ರೀತಿಗೆ. ಆ ಮಳೆಗಾಲ ಹಾಗೇ ಮುಗಿಯಿತು. ಬಲೆಯನ್ನು ಬೇರೆ ಊರಿನ ತಂಡವೊಂದು ಕೊಂಡುಹೋಯಿತು. ಅದನ್ನು ಟೆಂಪೋಗೆ ಏರಿಸುವಾಗ ಅಣ್ಣ ಹೆಗಲು ಕೊಡಲಿಲ್ಲ; ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಅಳುವುದನ್ನು ನಾನು ಅದಕ್ಕೆ ಮೊದಲು ಕೇಳಿದ್ದು ಅಪ್ಪ ಸತ್ತ ದಿನ.

ಸರ್ ಹತ್ತಿರ ಹೇಳಿದೆ. ಧ್ರುವದ ಕರಗುವಿಕೆಗೂ ನಮ್ಮ ಬೂತಾಯಿಗೂ ನೇರ ಗಂಟು ಹಾಕಬೇಡ, ಒಂದು ವರ್ಷದ ಕಡಲು ನೋಡಿ ತೀರ್ಪು ಕೊಡಬಾರದು ಎಂದರು. ಅದೂ ಸರಿಯೇ. ನಾನು ಗಂಟು ಹಾಕಲಿಲ್ಲ. ಬಾಟಲಿಗಳ ಮುಂದೆ ಕೂತು ಎಣಿಸಿದೆ. ಆದರೆ ಖಾಲಿ ಸಿಪ್ಪೆಯ ಸರವೊಂದು ಕಂಡಾಗಲೆಲ್ಲ ತೆಂಗಿನ ಮರದ ಕೆಳಗೆ ಕೂತ ಗಂಡಸರೇ ಕಣ್ಣಿಗೆ ಕಟ್ಟುತ್ತಿದ್ದರು.

ಅಣ್ಣನಿಗೆ ಕೆಲಸ ಸಿಕ್ಕಿದ್ದು ನಂದಿಕೂರಿನಲ್ಲಿ. ಅಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ ಮಾಡುವ ಸ್ಥಾವರ ಏಳುತ್ತಿತ್ತು. ಹಗ್ಗ, ರಾಟೆ, ಭಾರ ಎತ್ತುವುದರಲ್ಲಿ ಪಳಗಿದವನಾದ್ದರಿಂದ ಒಬ್ಬ ಗುತ್ತಿಗೆದಾರ ತೆಗೆದುಕೊಂಡ. ಜೊತೆಗಿದ್ದವರು ಹೆಚ್ಚಿನವರೂ ಬಿಜಾಪುರ, ಬಾಗಲಕೋಟೆಯ ಕಡೆಯಿಂದ ಬಂದವರು. ಅವನ ತುಳು ಅವರಿಗೆ ಬಾರದು, ಅವರ ಕನ್ನಡ ಇವನಿಗೆ ಅರ್ಧಂಬರ್ಧ. "ಏನ್ರೀ ಕಡಲಿನವ್ರ, ಊಟ ಆತೇನ್ರೀ ಅಂತ ಕೇಳ್ತಾರೆ, ಒಳ್ಳೆಯ ಜನ," ಎಂದು ಅಣ್ಣ ಹೇಳುತ್ತಿದ್ದ. ಹಳದಿ ಹೆಲ್ಮೆಟ್ಟನ್ನು ಅಪ್ಪನ ಫೋಟೋದ ಕೆಳಗಿನ ಮೊಳೆಗೆ ನೇತು ಹಾಕುತ್ತಿದ್ದ.

ಒಮ್ಮೆ ನಾನು ಊರಿಗೆ ಹೋದಾಗ ಕೇಳಿದ. "ನಿನ್ನ ಆ ಐಸ್ ಕರಗುವುದು ಹೊಗೆಯಿಂದ ಅಲ್ವಾ? ಕಲ್ಲಿದ್ದಲು ಸುಟ್ಟದ್ದರಿಂದ?"

"ಲೋಕದಲ್ಲಿ ಸುಡುವ ಎಲ್ಲದರಿಂದ," ಎಂದೆ. "ಕಲ್ಲಿದ್ದಲು, ಡೀಸೆಲ್, ಎಲ್ಲ."

"ನಮ್ಮ ದೋಣಿಯ ಎಂಜಿನ್ನೂ?"

"ಅದೂ."

"ಇರ್ಲಿ ಬಿಡು, ಮಕ್ಕಳಿಗೆ ಫೀಸು ಕಟ್ಬೇಕು," ಎಂದು ಎದ್ದು ಹೋದ. ಕರ್ಮ, ನನ್ನ ಸೂಕ್ಷ್ಮದರ್ಶಕದ ದೀಪವೂ ಕರೆಂಟಿನಲ್ಲೇ ಉರಿಯುವುದು.

ಮರುವರ್ಷ ಎಲ್ಲವೂ ಸರಿಯಾಗಿ ಬಂತು. ಅದೇ ನನಗೆ ಸಹಿಸಲಾಗದ್ದು. ಮಳೆ ಹೊತ್ತಿಗೆ ಸರಿಯಾಗಿ ಬಂತು, ಗಾಳಿ ಹೊತ್ತಿಗೆ ಸರಿಯಾಗಿ ಇಳಿಯಿತು, ನೂಲ ಹುಣ್ಣಿಮೆ ಕಳೆದದ್ದೇ ಕಡಲು ಹಸಿರಾಗಿ ಬೂತಾಯಿ ದಡಕ್ಕೇ ಬಂದು ಬಿತ್ತು. ಹಿರಿಯರು ಇಟ್ಟ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಕ್ಕಳು ಸೀರೆ ಹಿಡಿದು ಮೀನು ಬಾಚಿದರು. ಹಿಡಿಯಲು ನಮ್ಮ ತಂಡವೇ ಇರಲಿಲ್ಲ. ಆ ನುಚ್ಚಿನ ಬಗ್ಗೆ ಸರ್ ಹೇಳುತ್ತಿದ್ದದ್ದು ಇದನ್ನೇ: ಒಂದು ವರ್ಷ ಮರಿಗಳು ಹಸಿದು ಸತ್ತರೆ, ಮುಂದಿನ ವರ್ಷದ ಹಸಿರು ಎಷ್ಟೇ ಚೆನ್ನಾಗಿ ಬರಲಿ, ಅದನ್ನು ಉಣ್ಣಲು ಏಳುವವರು ಕಡಿಮೆ.

ಆ ವಾರ ನಾನು ಕಾಪುವಿನಲ್ಲಿದ್ದೆ. ಸಂಜೆ ಅಣ್ಣ ಕೆಲಸ ಮುಗಿಸಿ ಬಂದ. ಕೈಯಲ್ಲಿ ತೊಟ್ಟೆಯಿತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಪೇಟೆಯಲ್ಲಿ ಇಳಿದು ಬೂತಾಯಿ ತಂದಿದ್ದ. ಮಳೆಗಾಲದಲ್ಲಿ ನಮ್ಮ ಮನೆಗೆ ಮೀನು ಕ್ರಯಕ್ಕೆ ಬಂದದ್ದು ಅದೇ ಮೊದಲು. ಅತ್ತಿಗೆ ತೊಟ್ಟೆ ತೆಗೆದುಕೊಂಡು, ಮೀನನ್ನು ಮಣ್ಣಿನ ಪಾತ್ರೆಗೆ ಸುರಿದು, ಒಂದೊಂದಾಗಿ ಕಿವಿರು ಎತ್ತಿ ನೋಡತೊಡಗಿದಳು.

ಅಣ್ಣ ಜಗಲಿಯಲ್ಲಿ ಕೂತು ಶೂ ಬಿಚ್ಚುತ್ತಾ ಅಲ್ಲಿಂದಲೇ ಕೇಳಿದ: "ಒಳ್ಳೇದುಂಟಾ ಮೀನು?"

ಅತ್ತಿಗೆಯ ಕೈ ನಿಂತಿತು. "ನೀವು ನೋಡಿ ತರ್ಲಿಲ್ವಾ?"

"ಇಲ್ಲ," ಎಂದ. "ಅಲ್ಲಿ ಗಿರಾಕಿಯ ಹಾಗೆ ನಿಂತು ನೋಡ್ಲಿಕ್ಕೆ ಆಗ್ಲಿಲ್ಲ. ಒಂದು ತೊಟ್ಟೆ ಕೊಡಿ ಅಂದೆ, ಕೊಟ್ಟರು."